ಪೆನ್ನನ್ನು ಮೂಸಿ ನೋಡಿ

ತಾತನ ಟ್ರಂಕಿನಲ್ಲಿ ಹಳೇ ಇಂಕ್ ಪೆನ್ನೊಂದು ಸಿಕ್ಕಿತು ಅಂದುಕೊಳ್ಳಿ. ಇಂಕು ತುಂಬಿ ಬರೆಯುವ ಆತುರ ಬೇಡ. ಅದರ ಮೈಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ, ತಕ್ಷಣ ಮೂಗಿನ ಹತ್ತಿರ ಹಿಡಿಯಿರಿ. ಗಂಧಕದ ವಾಸನೆ ಬಂತೇ? ದೇವರ ಮನೆಯ ಕರ್ಪೂರದ ವಾಸನೆ ಬಂತೇ? ಏನೂ ಬರಲಿಲ್ಲವೇ?

ಗಂಧಕದ ವಾಸನೆ ಬಂದರೆ ಆ ಪೆನ್ನು ಎಬೊನೈಟಿನದು. ಎಬೊನೈಟ್ ಎಂದರೆ ರಬ್ಬರೇ. ರಬ್ಬರ್ ಮರದ ಹಾಲಿನಿಂದ ಬಂದ ರಬ್ಬರಿಗೆ ಸ್ವಲ್ಪ ಗಂಧಕ ಬೆರೆಸಿ ಕಾಯಿಸಿದರೆ ಟೈರಿನಂಥ ಮೆತ್ತನೆಯ ರಬ್ಬರು. ಮೂರನೇ ಒಂದು ಪಾಲಿನಷ್ಟು ಗಂಧಕ ಬೆರೆಸಿ ಗಂಟೆಗಟ್ಟಲೆ ಕಾಯಿಸಿದರೆ ಮರದಷ್ಟು ಗಟ್ಟಿಯಾದ, ಕಡೆದು ಹೊಳಪು ಕೊಡಬಹುದಾದ ಎಬೊನೈಟ್. ರಬ್ಬರಿನ ಉದ್ದುದ್ದ ಅಣುಗಳನ್ನು ಗಂಧಕ ಒಂದಕ್ಕೊಂದು ಬಿಗಿದುಬಿಡುತ್ತದೆ. ಗಂಧಕ ಹೆಚ್ಚಿದಷ್ಟೂ ಬಿಗಿತ ಹೆಚ್ಚು.

ಎಬೊನೈಟ್ ಪೆನ್ನಿಗೆ ಹೆಸರಾದ ಊರು ನೆರೆಯ ಆಂಧ್ರದ ರಾಜಮಂಡ್ರಿ. ಅಲ್ಲಿ ಕೆ.ವಿ. ರತ್ನಂ ಅವರು 1930ರ ದಶಕದಲ್ಲಿ ಸ್ವದೇಶಿ ಪೆನ್ನು ಮಾಡಿ ಗಾಂಧೀಜಿಗೆ ಕಳಿಸಿದರು. 1935ರಲ್ಲಿ ಗಾಂಧೀಜಿ ಅದನ್ನು ಮೆಚ್ಚಿ ಪತ್ರ ಬರೆದರು. ಎಬೊನೈಟ್ ಸರಳನ್ನು ಲೇತಿಗೆ ಕೊಟ್ಟು ಒಂದೊಂದನ್ನೇ ಕಡೆದು ಮಾಡುವ ಪೆನ್ನುಗಳು ಅವು. ರತ್ನಂ ಹೆಸರು ಉಳಿಯಿತು. ಆದರೆ ಆ ಕಾಲದಲ್ಲಿ ದೇಶದ ಬೇರೆ ಬೇರೆ ಊರುಗಳಲ್ಲಿ ಇಂಥ ಸಣ್ಣ ಸಣ್ಣ ಕಾರ್ಖಾನೆಗಳು ಹುಟ್ಟಿ, ಬಾಲ್ ಪೆನ್ನು ಬಂದ ಮೇಲೆ ಸದ್ದಿಲ್ಲದೆ ಮುಚ್ಚಿಹೋದವು. ಅವುಗಳ ಪೆನ್ನೇ ನಿಜಕ್ಕೂ ಅಪರೂಪದ್ದು. ದೊಡ್ಡ ಕಂಪನಿಯ ಪೆನ್ನಿಗೆ ಕ್ಯಾಟಲಾಗ್ ಇದೆ, ಚಿತ್ರವಿದೆ, ಬೆಲೆಯಿದೆ. ಹೆಸರೇ ಗೊತ್ತಿಲ್ಲದ ಪೆನ್ನಿಗೆ ನೀವೇ ಗತಿ. ನನಗಂತೂ ಸಾವಿರಾರು ರೂಪಾಯಿ ಕೊಟ್ಟು ತಂದ ಪೆನ್ನಿಗಿಂತ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆದವರ ಮೇಜಿನ ಖಾನೆಯಲ್ಲೋ, ಮುಳಬಾಗಿಲಿನ ನಿವೃತ್ತ ಮೇಷ್ಟ್ರ ಮನೆಯ ಅಟ್ಟದಲ್ಲೋ ಸಿಗುವ ಪೆನ್ನಿನ ಮೇಲೇ ಕಣ್ಣು.

ಹಳೇ ಎಬೊನೈಟ್ ಪೆನ್ನು ಕೆಲವೊಮ್ಮೆ ಕಪ್ಪು ಬಣ್ಣ ಕಳೆದುಕೊಂಡು ಕಂದು ತಿರುಗಿರುತ್ತದೆ. ಬೆಳಕು ಮತ್ತು ತೇವ ತಾಗಿ ಮೇಲ್ಮೈಯಲ್ಲಿನ ಗಂಧಕ ಬದಲಾದ ಗುರುತು ಅದು. ಇಂಥ ಪೆನ್ನನ್ನು ಬಿಸಿನೀರಿಗೆ ಹಾಕಿದರೆ ಕಂದು ಇನ್ನೂ ಏರುತ್ತದೆ. ಪಾಲಿಶ್ ಮಾಡಿದರೆ ಮೈಮೇಲೆ ಕೊರೆದ ತೆಳುವಾದ ಅಕ್ಷರಗಳೂ ಸವೆದು ಹೋಗುತ್ತವೆ. ಹೆಸರು ಅಳಿದ ಮೇಲೆ ಹೊಳಪು ಕಟ್ಟಿಕೊಂಡು ಏನು ಮಾಡುವುದು? ಹಾಗೇ ಬಿಡಿ.

ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಹತ್ತಿಯ ನಾರನ್ನು ಆಮ್ಲಗಳಲ್ಲಿ ಹದ ಮಾಡಿ, ಅದಕ್ಕೆ ಕರ್ಪೂರ ಬೆರೆಸಿ ತಯಾರಿಸುತ್ತಿದ್ದ ಪ್ಲಾಸ್ಟಿಕ್ ಅದು. ಚಂದದ ಬಣ್ಣ, ಮೈಯೊಳಗೇ ಹೊಳೆಯುವ ಪಟ್ಟೆ. ಆದರೆ ಬೆಂಕಿ ಕಂಡರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಒಲೆ, ದೀಪದ ಹತ್ತಿರ ಇದನ್ನು ತರಲೇಬೇಡಿ. ಸ್ಪಿರಿಟ್ ಹಾಕಿ ಒರೆಸಲೂ ಬೇಡಿ, ಮೈ ಕರಗುತ್ತದೆ.

ವಾಸನೆ ಬರದವುಗಳಲ್ಲಿ ಮಾಮೂಲಿ ಪ್ಲಾಸ್ಟಿಕ್ಕಿನ ಪೆನ್ನೇ ಹೆಚ್ಚು. ಅಪರೂಪಕ್ಕೊಂದು ಹಾಲಿನ ಪೆನ್ನೂ ಇರಬಹುದು! ಹೌದು, ಹಾಲಿನದೇ. ಹಾಲು ಒಡೆದಾಗ ಗಟ್ಟಿಯಾಗಿ ಬೇರೆಯಾಗುತ್ತದಲ್ಲ, ಅದರ ಮುಖ್ಯ ಭಾಗ ಕೇಸೀನ್ ಎಂಬ ಪ್ರೋಟೀನು. ಅದನ್ನು ಒತ್ತಿ, ಫಾರ್ಮಾಲಿನ್‌ನಲ್ಲಿ ನೆನೆಹಾಕಿ ಒಣಗಿಸಿದರೆ ಕೊಂಬಿನಷ್ಟು ಗಟ್ಟಿಯಾಗುತ್ತದೆ. 19ನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಅಂಗಿಯ ಗುಂಡಿ, ಹೆಣಿಗೆ ಕಡ್ಡಿ, ಪೆನ್ನು ಎಲ್ಲವನ್ನೂ ಇದರಿಂದ ಮಾಡಿದರು. ಇಂಗ್ಲೆಂಡಿನ ಕಾನ್ವೇ ಸ್ಟುವರ್ಟ್ ಕಂಪನಿಯ ಬಣ್ಣಬಣ್ಣದ ಹಳೇ ಪೆನ್ನುಗಳಲ್ಲಿ ಎಷ್ಟೋ ಕೇಸೀನ್‌ನವು. ಹಾಲು, ರೇಷ್ಮೆ, ಚಿನ್ನದ ಜಿಲ್ಲೆ ಎಂದು ಹೆಸರಾದ ಕೋಲಾರದ ಮಕ್ಕಳು ಇದನ್ನು ಮನೆಯಲ್ಲೇ ಅರ್ಧ ದಾರಿಯವರೆಗೆ ಮಾಡಿ ನೋಡಬಹುದು. ಒಂದು ಲೋಟ ಬಿಸಿ ಹಾಲಿಗೆ ಅಮ್ಮನ ಸಹಾಯದಿಂದ ನಾಲ್ಕು ಚಮಚ ನಿಂಬೆರಸ ಹಾಕಿ. ಒಡೆದ ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ, ಗುಂಡಿಯಂತೆ ತಟ್ಟಿ, ನೆರಳಲ್ಲಿ ಕೆಲವು ದಿನ ಒಣಗಲು ಬಿಡಿ. ಉಗುರಿನಿಂದ ಬಡಿದರೆ ಟಕ್ ಎನ್ನುವ ಗುಂಡಿ ತಯಾರಾಗುತ್ತದೆ. ಫಾರ್ಮಾಲಿನ್ ವಿಷ, ಅದರ ಗೊಡವೆ ನಮಗೆ ಬೇಡ. ಆಮೇಲೆ ಆ ಗುಂಡಿಯನ್ನು ಒಂದು ರಾತ್ರಿ ನೀರಲ್ಲಿ ಹಾಕಿಡಿ. ಉಬ್ಬಿ ಮೆತ್ತಗಾಗಿರುತ್ತದೆ. ಕೇಸೀನ್ ಪೆನ್ನೂ ಫಾರ್ಮಾಲಿನ್ ಕುಡಿದಿದ್ದರೂ ನೀರಲ್ಲಿ ಬಹಳ ಹೊತ್ತು ಬಿಟ್ಟರೆ ಉಬ್ಬಿ ಸೊಟ್ಟಗಾಗುತ್ತದೆ. ಯಾವುದರಿಂದ ಮಾಡಿದ್ದೆಂದು ತಿಳಿಯದೆ ಹಳೇ ಪೆನ್ನನ್ನು ನೆನೆಹಾಕಬಾರದು ಎನ್ನುವುದು ಇದಕ್ಕೇ.

ಇನ್ನು ಚಿನ್ನಕ್ಕೆ ಬರೋಣ. ನಿಬ್ಬಿನ ಮೇಲೆ 14 ಕೆ ಅಥವಾ 585 ಎಂದು ಕೊರೆದಿದ್ದರೆ ಅದು 14 ಕ್ಯಾರೆಟ್ ಚಿನ್ನ, ಎಂದರೆ 1000 ಪಾಲಿನಲ್ಲಿ 585 ಪಾಲು ಚಿನ್ನ, ಉಳಿದದ್ದು ಬೆಳ್ಳಿ, ತಾಮ್ರದಂಥವು. ಹಳೇ ಇಂಕುಗಳಲ್ಲಿ ಆಮ್ಲವಿರುತ್ತಿತ್ತು. ಉಕ್ಕಿನ ನಿಬ್ಬು ಅದರಿಂದ ತುಕ್ಕು ಹಿಡಿಯುತ್ತಿತ್ತು, ಚಿನ್ನಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಚಿನ್ನ ಮೆತ್ತಗೆ, ಕಾಗದದ ಮೇಲೆ ಓಡಿ ಓಡಿ ಸವೆಯುತ್ತದೆ. ಆದ್ದರಿಂದ ತುದಿಗೆ ಇರಿಡಿಯಂ, ಆಸ್ಮಿಯಂನಂಥ ಬಹಳ ಗಟ್ಟಿ ಲೋಹಗಳ ಪುಟ್ಟ ಗುಂಡೊಂದನ್ನು ಬೆಸೆಯುತ್ತಾರೆ. ಭೂತಗನ್ನಡಿಯಲ್ಲಿ ನೋಡಿ, ಚಿನ್ನದ ಹಳದಿ ಮುಗಿದು ಬೆಳ್ಳಗಿನ ಚುಕ್ಕಿ ಕಾಣುತ್ತದೆ.

ಒಂದು ಲೆಕ್ಕ ಮಾಡೋಣ. ಅರ್ಧ ಗ್ರಾಂ ತೂಕದ 14 ಕ್ಯಾರೆಟ್ ನಿಬ್ಬಿನಲ್ಲಿ ಅಪ್ಪಟ ಚಿನ್ನ ಸುಮಾರು 0.3 ಗ್ರಾಂ. ನಮ್ಮ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗಾರಿಕೆ ಶುರುಮಾಡಿದ ಕಾಲಕ್ಕೆ ಅದಿರಿನಲ್ಲಿ ಚಿನ್ನ ಧಾರಾಳವಾಗಿತ್ತು. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಒಂದು ಟನ್ ಕಲ್ಲಿಗೆ ಸುಮಾರು 3 ಗ್ರಾಂಗೆ ಇಳಿದಿತ್ತು. ಆ ಲೆಕ್ಕದಲ್ಲಿ ಒಂದೇ ಒಂದು ನಿಬ್ಬಿಗೆ 100 ಕೆ.ಜಿ. ಕಲ್ಲು ಬೇಕು, ಎರಡು ಮೂಟೆ ಸಿಮೆಂಟಿನಷ್ಟು ತೂಕ! ಅಷ್ಟನ್ನು ಭೂಮಿಯ ಆಳದಲ್ಲಿ ಒಡೆದು, ಮೇಲೆ ತಂದು, ಪುಡಿಮಾಡಿ ಚಿನ್ನ ತೆಗೆಯಬೇಕು. ಗಣಿಯಲ್ಲಿ ದುಡಿದವರ ಮನೆಯ ಮಕ್ಕಳಿಗೆ ಈ ಲೆಕ್ಕದ ಭಾರ ನನಗಿಂತ ಚೆನ್ನಾಗಿ ಗೊತ್ತು.

ಪೆನ್ನಿನ ಅಸಲಿ ಜಾಣ್ಮೆ ಇರುವುದು ನಿಬ್ಬಿನ ಸೀಳಿನಲ್ಲಿ. ಅದನ್ನು ತಿಳಿಯಲು ಮಾಲೂರಿನ ಇಟ್ಟಿಗೆಯೊಂದು ಸಾಕು. ಒಣಗಿದ ಇಟ್ಟಿಗೆಯನ್ನು ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ, ತಟ್ಟೆಗೆ ಒಂದು ಬೆರಳಷ್ಟು ನೀರು ಹಾಕಿ. ನೋಡನೋಡುತ್ತಾ ತೇವ ಮೇಲೇರುತ್ತದೆ. ಇಟ್ಟಿಗೆಯ ತುಂಬ ಕಣ್ಣಿಗೆ ಕಾಣದ ಸಂದುಗಳಿವೆ. ನೀರಿಗೆ ಸಂದಿನ ಗೋಡೆಗೆ ಅಂಟುವ ಆಸೆ, ಜೊತೆಗೆ ನೀರಿನ ಕಣಗಳು ಒಂದರ ಕೈ ಒಂದು ಬಿಡುವುದಿಲ್ಲ. ಹೀಗೆ ಗೋಡೆ ಹಿಡಿದು ಹತ್ತುವ ನೀರು ತನ್ನ ಹಿಂದಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಇದೇ ಲೋಮನಾಳ ಕ್ರಿಯೆ. ಸಂದು ಕಿರಿದಾದಷ್ಟೂ ಎಳೆತ ಹೆಚ್ಚು. 1 ಮಿಲಿಮೀಟರ್ ಅಗಲದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, ಅದರ ಹತ್ತನೇ ಒಂದರಷ್ಟು ಅಗಲದ್ದರಲ್ಲಿ 30 ಸೆಂಟಿಮೀಟರ್ ಏರುತ್ತದೆ. ನಿಬ್ಬಿನ ಸೀಳು ತುದಿಯ ಕಡೆಗೆ ಕಿರಿದಾಗುತ್ತಾ ಹೋಗುವುದರಿಂದ ಇಂಕು ತಾನಾಗಿ ತುದಿಗೆ ಬಂದು ಕಾಯುತ್ತದೆ. ಕಾಗದದ ನಾರುಗಳ ಸಂದು ಅದಕ್ಕಿಂತಲೂ ಕಿರಿದು. ನಿಬ್ಬು ತಾಗಿದ ಕ್ಷಣ ಕಾಗದವೇ ಇಂಕನ್ನು ಎಳೆದುಕೊಳ್ಳುತ್ತದೆ. ಒತ್ತಿ ಬರೆಯುವ ಅಗತ್ಯವೇ ಇಲ್ಲ.

ಇಂಕು ಹೊರಗೆ ಬಂದಷ್ಟು ಗಾಳಿ ಒಳಗೆ ಹೋಗಬೇಕು, ಇಲ್ಲವಾದರೆ ಹರಿವು ನಿಲ್ಲುತ್ತದೆ. ನಿಬ್ಬಿನ ಕೆಳಗೆ ಕೂತಿರುವ ಗೆರೆಗೆರೆಯ ಕಪ್ಪು ತುಂಡಿನ ಕೆಲಸ ಇದೇ. ಇಂಥದ್ದೊಂದಕ್ಕೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು. ಮುಳಬಾಗಿಲಿನಲ್ಲಿ ಡಿವಿಜಿ ಹುಟ್ಟಿದ್ದು 1887ರಲ್ಲಿ, ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಹುಟ್ಟಿದ್ದು 1891ರಲ್ಲಿ. ನಮ್ಮ ಜಿಲ್ಲೆಯ ಈ ಇಬ್ಬರು ದೊಡ್ಡ ಲೇಖಕರ ಓರಗೆಯದೇ ಈ ಪುಟ್ಟ ತುಂಡು!

ಹಳೇ ಪೆನ್ನು ಜೇಬಿನಲ್ಲಿ ಕಾರುವುದಕ್ಕೂ ಗಾಳಿಯೇ ಕಾರಣ. ಡ್ರಾಪರಿನಿಂದ ಇಂಕು ತುಂಬುವ ಪೆನ್ನಿನಲ್ಲಿ ಇಂಕು ಮುಗಿಯುತ್ತಾ ಬಂದು 2 ಮಿಲಿಲೀಟರ್ ಗಾಳಿ ಸೇರಿಕೊಂಡಿದೆ ಎನ್ನಿ. ಮೈಯ ಶಾಖಕ್ಕೆ ಅದು 10 ಡಿಗ್ರಿ ಬಿಸಿಯಾದರೆ ನೂರಕ್ಕೆ 3ರಷ್ಟು ಹಿಗ್ಗುತ್ತದೆ, ಎಂದರೆ 0.06 ಮಿಲಿಲೀಟರ್. ಹೆಚ್ಚುಕಡಿಮೆ ಒಂದು ಹನಿ! ಆ ಹನಿ ಬೀಳುವುದು ನಿಮ್ಮ ಅಂಗಿಯ ಮೇಲೆ. ಇಂಕು ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸಿಕೊಂಡರೆ ಈ ಕಾಟವಿಲ್ಲ.

ಒಳಗೆ ಒಣಗಿದ ಇಂಕಿದ್ದರೆ ನಿಬ್ಬಿನ ಭಾಗವನ್ನು ಮಾತ್ರ ತಣ್ಣೀರಿನಲ್ಲಿ ಅದ್ದಿ ಅದ್ದಿ ತೆಗೆಯಿರಿ. ನೀಲಿ ಬಿಟ್ಟರೆ ಮಾಮೂಲಿ ಇಂಕು. ಕಪ್ಪಾಗಿ ಕಚ್ಚಿಕೊಂಡಿದ್ದರೆ ಕಬ್ಬಿಣದ ಅಂಶವಿರುವ ಹಳೇ ಬ್ಲೂ-ಬ್ಲ್ಯಾಕ್ ಇಂಕು ಇರಬಹುದು. ಅಳಲೆಕಾಯಿಯಂಥ ಒಗರು ಕಾಯಿಗಳ ರಸಕ್ಕೆ ಅನ್ನಭೇದಿ ಸೇರಿಸಿ ಹಿಂದಿನವರು ಮಾಡುತ್ತಿದ್ದ ಮಸಿಯದೂ ಇದೇ ರಸಾಯನ: ಒಗರೂ ಕಬ್ಬಿಣವೂ ಕೂಡಿ, ಗಾಳಿ ತಾಗಿದರೆ ಕಪ್ಪು. ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ತುಕ್ಕು ಹಿಡಿದ ಮೊಳೆ ಹಾಕಿ ಒಂದು ರಾತ್ರಿ ಬಿಟ್ಟು ನೋಡಿ. ಕುಡಿಯಬೇಡಿ, ಪೆನ್ನಿಗೂ ತುಂಬಬೇಡಿ. ಕಡ್ಡಿಯಲ್ಲಿ ಅದ್ದಿ ಬರೆಯಿರಿ.

ಪೆನ್ನು ತೊಳೆದಾದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಮೈಮೇಲಿನ ಅಕ್ಷರ ಹುಡುಕಿ. ಕಂಡದ್ದನ್ನು ಕಂಡ ಹಾಗೇ ಒಂದು ಕಾರ್ಡಿನ ಮೇಲೆ ಬರೆದಿಡಿ, ಅರ್ಧ ಅಳಿಸಿದ್ದರೂ ಸರಿ. ಯಾರ ಪೆನ್ನು, ಎಲ್ಲಿ ಕೊಂಡದ್ದು, ಅದರಲ್ಲಿ ಏನು ಬರೆಯುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಸೇರಿಸಿ. ಉಜ್ಜಿದಾಗ ಬಂದ ವಾಸನೆಯನ್ನೂ ಬರೆಯಿರಿ. ಕೊನೆಗೆ ಬೆಂಗಳೂರಿನ ಬ್ರಿಲ್ ಇಂಕನ್ನೋ, ತೊಳೆದರೆ ಹೋಗುವ ಬೇರೆ ಯಾವುದಾದರೂ ನೀಲಿ ಇಂಕನ್ನೋ ತುಂಬಿ, ಅದೇ ಪೆನ್ನಿನಿಂದ ಕಾರ್ಡಿನ ಕೆಳಗೆ ನಿಮ್ಮ ಹೆಸರು, ಊರು, ತಾರೀಖು ಹಾಕಿ.