ಕಾಮನ ಬೆಂಕಿ ಎಲ್ಲಿಂದ ಬಂತು?

(ಹೋಳಿ ಹುಣ್ಣಿಮೆಯ ಮುನ್ನಾದಿನ ಶ್ರೀಮಠದಲ್ಲಿ ದಯಪಾಲಿಸಿದ ಆಶೀರ್ವಚನ)



ನಾಳೆ ಫಾಲ್ಗುಣ ಶುದ್ಧ ಪೂರ್ಣಿಮೆ. ನಿಮ್ಮ ಮಾತಿನಲ್ಲಿ ಹೋಳಿ ಹುಣ್ಣಿಮೆ. ಮಠಕ್ಕೆ ಬರುವ ದಾರಿಯಲ್ಲಿ ಹಲಗೆಯ ಸದ್ದು ಕೇಳಿಕೊಂಡೇ ಬಂದಿರುತ್ತೀರಿ. ಓಣಿ ಓಣಿಗಳಲ್ಲಿ ಹುಡುಗರು ಕುಳ್ಳು ಕಟ್ಟಿಗೆ ಕೂಡಿಹಾಕಿದ್ದಾರೆ. ತಮ್ಮ ಹಿತ್ತಲಿನಿಂದ ಕೇಳದೆಯೇ ಒಯ್ದರೆಂದು ಒಬ್ಬ ತಾಯಿ ನಮ್ಮ ಮುಂದೆ ದೂರು ಹೇಳಿದರು. "ಕಾಮಣ್ಣನಿಗೆ ಕೊಟ್ಟೆನೆಂದು ತಿಳಿದುಕೋ ತಾಯಿ" ಎಂದೆವು. ಅವರೂ ನಕ್ಕರು.

ಹುಣ್ಣಿಮೆ ಒಂದೇ, ಆಚರಣೆ ಮಾತ್ರ ನಾಡಿಗೊಂದು ಬಗೆ. ಉತ್ತರ ದೇಶದವರು ಪ್ರಹ್ಲಾದನನ್ನು ಸುಡಲು ಹೋಗಿ ತಾನೇ ಸುಟ್ಟುಹೋದ ಹೋಳಿಕೆಯನ್ನು ನೆನೆಯುತ್ತಾರೆ. ವ್ರಜಭೂಮಿಯ ಬರಸಾನೆಯಲ್ಲಿ ಹೆಂಗಸರು ಕೋಲು ಹಿಡಿದು ಗಂಡಸರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಬಂಗಾಳದವರಿಗೆ ಇದು ಡೋಲಪೂರ್ಣಿಮೆ. 1486ರಲ್ಲಿ ಶ್ರೀ ಚೈತನ್ಯರು ಅವತರಿಸಿದ ದಿನವೂ ಹೌದು. ಪಂಜಾಬಿನ ಆನಂದಪುರದಲ್ಲಿ ಗುರು ಗೋವಿಂದಸಿಂಹರು 1701ರಲ್ಲಿ ಆರಂಭಿಸಿದ ಹೋಲಾ ಮೊಹಲ್ಲಾ ನಡೆಯುತ್ತದೆ. ಅಲ್ಲಿ ಬಣ್ಣಕ್ಕಿಂತ ಕುದುರೆ ಸವಾರಿ, ಕತ್ತಿವರಸೆಗಳೇ ಮುಖ್ಯ. ಗೋವೆಯವರು ಶಿಗ್ಮೋ ಎನ್ನುತ್ತಾರೆ. ನಮ್ಮ ಉತ್ತರ ಕನ್ನಡದ ಹಾಲಕ್ಕಿಯವರು ಸುಗ್ಗಿ ಕುಣಿಯುತ್ತಾರೆ. ಶಿರಸಿಯಲ್ಲಿ ಬೇಡರ ವೇಷ ಕುಣಿಯುತ್ತದೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರು ದೂರದೂರದಿಂದ ಬರುತ್ತಾರೆ. ಬಾಗಲಕೋಟೆಯ ಬಣ್ಣದ ಬಂಡಿಗಳ ವಿಷಯ ನಿಮಗೆ ನಾವು ಹೇಳಬೇಕಾಗಿಲ್ಲ.

ನಮ್ಮ ಕಡೆ ಇದು ಕಾಮದಹನ. ತಾರಕಾಸುರನ ಉಪಟಳ ತಾಳಲಾರದೆ ದೇವೇಂದ್ರನು ಮನ್ಮಥನನ್ನು ಕಳುಹಿಸಿದ. ಕಬ್ಬಿನ ಬಿಲ್ಲು, ದುಂಬಿಗಳ ಹೆದೆ, ಐದು ಹೂಬಾಣ, ಜೊತೆಗೆ ಗೆಳೆಯನಾದ ವಸಂತ. ಇಷ್ಟು ಬಲ ಕಟ್ಟಿಕೊಂಡು ತಪಸ್ಸಿನಲ್ಲಿದ್ದ ಪರಶಿವನ ಮುಂದೆ ನಿಂತ. ಹಣೆಗಣ್ಣು ತೆರೆಯಿತು, ಕಾಮ ಬೂದಿಯಾದ. ಕಾಳಿದಾಸನು ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಇದನ್ನು ವರ್ಣಿಸಿ, ನಾಲ್ಕನೆಯ ಸರ್ಗವನ್ನು ರತಿಯ ಅಳುವಿಗೇ ಮೀಸಲಿಟ್ಟಿದ್ದಾನೆ. ನಮ್ಮ ಹರಿಹರನೂ ಗಿರಿಜಾಕಲ್ಯಾಣದಲ್ಲಿ ಈ ಕಥೆಯನ್ನು ಹೇಳಿದ್ದಾನೆ.

ಆದರೆ ಕಾಮನು ಸುಟ್ಟ ಮೇಲೆ ಇಲ್ಲವಾದನೇ? ಇಲ್ಲ, ಅನಂಗನಾದ. ಅನಂಗ ಎಂದರೆ ದೇಹವಿಲ್ಲದವನು. ಕಣ್ಣಿಗೆ ಕಾಣುವ ಶತ್ರುವಿಗಿಂತ ಕಾಣದವನು ಕಠಿಣ. ನಮ್ಮೊಳಗೆ ಹೀಗೆ ದೇಹವಿಲ್ಲದೆ ಕುಳಿತಿರುವುದು ಕಾಮ ಒಂದೇ ಅಲ್ಲ. 'ನಾನು ಮೇಲು, ಅವನು ಕೀಳು' ಎಂಬ ಮದವೂ ಅನಂಗವೇ. ಅದಕ್ಕೆ ರೂಪವಿಲ್ಲ, ಆದರೆ ಊರೆಲ್ಲ ಆಳುತ್ತದೆ.

ಇದನ್ನು ಏಕೆ ಹೇಳುತ್ತಿದ್ದೇವೆ, ಕೇಳಿರಿ. ನಮ್ಮ ಸೀಮೆಯ ಕೆಲವು ಊರುಗಳಲ್ಲಿ ಕಾಮನಿಗೆ ಹಚ್ಚುವ ಬೆಂಕಿಯನ್ನು ದಲಿತರ ಕೇರಿಯಿಂದ ತರುವ ಪದ್ಧತಿ ಹಿಂದಿನಿಂದ ಬಂದಿದೆ. ನಮ್ಮ ಪೂರ್ವಾಶ್ರಮದ ಊರಿನಲ್ಲಿಯೂ ಹಾಗೆಯೇ ಇತ್ತು. ಹಲಗೆ ಬಾರಿಸುತ್ತ ಹಿರಿಯರು ಕೇರಿಗೆ ಹೋಗುತ್ತಿದ್ದರು. ಒಬ್ಬ ಮುದುಕ ಕುಳ್ಳಿನ ಮೇಲೆ ಕೆಂಡ ಇಟ್ಟು ಕೊಡುತ್ತಿದ್ದ. ಊರಗೌಡರೇ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದರು. ಕಾಮ ಉರಿದ ಮೇಲೆ ಅದೇ ಬೆಂಕಿಯಲ್ಲಿ ಕಡಲೆ ಸುಟ್ಟು ತಿನ್ನುತ್ತಿದ್ದೆವು, ಅದೇ ಕೆಂಡ ಒಯ್ದು ಮನೆಯ ಒಲೆ ಹೊತ್ತಿಸುತ್ತಿದ್ದರು. ಮರುದಿನ ಅದೇ ಮುದುಕ ಬಾವಿಯ ಹತ್ತಿರ ಬಂದು ದೂರ ನಿಂತ. ಯಾರೋ ಮೇಲಿನಿಂದ ಅವನ ಕೊಡಕ್ಕೆ ನೀರು ಸುರಿದರು. ನಾವು ಆಗ ಏಳೆಂಟು ವರ್ಷದವರು. ಅಜ್ಜನನ್ನು ಕೇಳಿದೆವು:

"ಅಜ್ಜಾ, ನಿನ್ನೆ ಅವರ ಮನೀ ಬೆಂಕಿ ತಂದೇವಲ್ಲ, ಇವತ್ತ ಅವರು ಬಾವಿ ಯಾಕ ಮುಟ್ಟಬಾರದು?"

"ಬೆಂಕಿಗೆ ಮೈಲಿಗಿ ಇಲ್ಲೋ ತಮ್ಮಾ."

"ಹಂಗಾರ ನೀರಿಗೆ ಐತೇನು?"

ಅಜ್ಜ ಮಾತಾಡಲಿಲ್ಲ.

ಮುಂದೆ ನಾವು ಪಾಠಶಾಲೆ ಸೇರಿ ವ್ಯಾಕರಣ, ತರ್ಕ, ಕಾವ್ಯಗಳನ್ನು ಓದಿದೆವು. ಅಮರಕೋಶದಲ್ಲಿ ಅಗ್ನಿಗೆ ಪಾವಕ ಎಂಬ ಹೆಸರಿದೆ, ಪವಿತ್ರಗೊಳಿಸುವವನು ಎಂದರ್ಥ. ಅದೇ ಕೋಶದಲ್ಲಿ ನೀರಿಗೆ ಜೀವನ ಎಂದೂ ಅಮೃತ ಎಂದೂ ಹೆಸರಿದೆ. ಅಷ್ಟು ಓದಿದರೂ ಆ ಹುಡುಗನ ಪ್ರಶ್ನೆಗೆ ಅಜ್ಜನ ಮೌನವನ್ನು ಬಿಟ್ಟು ಬೇರೆ ಉತ್ತರ ನಮಗೆ ಸಿಗಲಿಲ್ಲ. ಬಸವಣ್ಣನವರು ಮಾದಾರ ಚೆನ್ನಯ್ಯನವರನ್ನು ತಮ್ಮ ಹಿರಿಯರೆಂದು ಹೇಳಿಕೊಂಡರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ನಮ್ಮ ಮನಸ್ಸಿನ ಅನಂಗ ಮಾತ್ರ ಇನ್ನೂ ಸುಟ್ಟಿಲ್ಲ.

ಮೊನ್ನೆ ನಮ್ಮ ಭಕ್ತರ ಊರೊಂದರ ಹಿರಿಯರು ಬಂದಿದ್ದರು. ಊರ ಹೆಸರು ಬೇಡ. ಅಲ್ಲಿಯ ಕೇರಿಯ ಯುವಕರು, "ಗುಡಿಯ ಹೊಸ್ತಿಲು ದಾಟಲು ಬಿಡದಿದ್ದರೆ ಈ ವರ್ಷ ಬೆಂಕಿ ಕೊಡುವುದಿಲ್ಲ" ಎಂದಿದ್ದಾರಂತೆ. ಹಿರಿಯರು ನಮ್ಮನ್ನು ಕೇಳಿದರು: "ಅಪ್ಪಾರ, ಈ ಸಲ ಕಡ್ಡಿ ಪೆಟ್ಟಿಗಿಯಿಂದ ಹಚ್ಚಿದ್ರ ನಡೀತೈತೇನ್ರಿ? ತಾವು ಅಪ್ಪಣೆ ಕೊಡಬೇಕು."

ಕಡ್ಡಿ ಗೀರಿದರೆ ಕಟ್ಟಿಗೆ ಉರಿಯುತ್ತದೆ, ಸಂಶಯವಿಲ್ಲ. ಕಾಮ ಸುಡುವುದಿಲ್ಲ. ಕೇರಿಯ ಬೆಂಕಿಯನ್ನು ಬೇಡಿ ತರಬೇಕೆಂದು ಇಟ್ಟವರು ಯಾವ ಕಾರಣಕ್ಕೆ ಇಟ್ಟರೋ, ನಮಗೆ ಮಾತ್ರ ಅದರಲ್ಲಿ ಒಂದು ಪಾಠ ಕಾಣುತ್ತದೆ: ವರ್ಷಕ್ಕೊಂದು ದಿನವಾದರೂ ಗೌಡ ಕೈಯೊಡ್ಡಬೇಕು, ಕೇರಿಯವನು ಕೊಡಬೇಕು. ಆ ಯುವಕರು ಹಬ್ಬ ಕೆಡಿಸಲಿಲ್ಲ. ನಮ್ಮ ಹಬ್ಬದ ಅರ್ಥವನ್ನು ನಮಗೇ ನೆನಪಿಸಿದ್ದಾರೆ. ಆದ್ದರಿಂದ ನಾವು ಅಪ್ಪಣೆ ಕೊಡಲಿಲ್ಲ.

ನಾಳೆ ಸಂಜೆ ನಾವೇ ಆ ಊರಿಗೆ ಹೋಗುತ್ತೇವೆ. ಮೊದಲು ಕೇರಿಯಲ್ಲಿ ಕುಳಿತು ಅವರ ಮನೆಯ ನೀರು ಕುಡಿಯುತ್ತೇವೆ. ಆಮೇಲೆ ಅವರ ಕೈ ಹಿಡಿದು ಗುಡಿಯೊಳಗೆ ಹೋಗುತ್ತೇವೆ. ಬೆಂಕಿ ಕೊಡುವುದು ಬಿಡುವುದು ಅವರ ಇಚ್ಛೆ. ಅವರು ಕೊಡದಿದ್ದರೆ ನಾವು ಬೇಸರಪಡುವುದಿಲ್ಲ, ಇಷ್ಟು ವರ್ಷ ಅವರು ಬೇಸರಪಡದೆ ಕೊಟ್ಟಿದ್ದಾರೆ. ಬರುವವರು ಬನ್ನಿ. ಬರಲಾರದವರು ಮನೆಯಲ್ಲಿ ಕುಳಿತು ಯೋಚಿಸಿರಿ.

ಇನ್ನೊಂದು ಮಾತು. ಬಣ್ಣವನ್ನು ಒಲ್ಲೆ ಎಂದವರ ಮೇಲೆ ಎರಚಬೇಡಿರಿ. ಹೆಣ್ಣುಮಕ್ಕಳ ಎದುರು ಹೊಲಸು ಮಾತು ಬೇಡ. ಕಾಮನನ್ನು ಸುಡಲು ಹಸಿ ಮರ ಕಡಿಯಬೇಡಿರಿ. ವಸಂತದಲ್ಲಿ ಚಿಗುರಿದ ಮರವನ್ನು ಕಡಿದು ವಸಂತದ ಹಬ್ಬ ಮಾಡುವುದುಂಟೇ?

ನಾಳೆಯ ಬೆಂಕಿಯಲ್ಲಿ ಕಟ್ಟಿಗೆಯ ಜೊತೆಗೆ ನಮ್ಮ ಮದವೂ ಬೂದಿಯಾಗಲಿ, ಎಲ್ಲ ಮನೆಗಳ ಒಲೆಯೂ ಉರಿಯಲಿ, ಎಲ್ಲ ಮನೆಗಳ ನೀರೂ ಎಲ್ಲರಿಗೂ ಸಲ್ಲಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಸರ್ವರಿಗೂ ಶುಭವಾಗಲಿ.