ಸಾಲದ ಅರ್ಜಿಗೆ ಮೊದಲು ವಾಶಿಗೆ ಹೋಗಿ

ಊರಿನ ಜಮೀನಿನಲ್ಲಿ ಸಾಲ ಮಾಡಿ ಪಾಲಿಹೌಸ್ ಕಟ್ಟಿಸಿ ಡ್ರ್ಯಾಗನ್ ಹಣ್ಣು ಬೆಳೆಯಬಹುದೇ ಎಂದು ನಮ್ಮಲ್ಲೇ ಇಬ್ಬರು ಕೇಳಿದ್ದಾರೆ. ಹಣ್ಣು ಬೆಳೆಯಿರಿ, ಪಾಲಿಹೌಸ್ ಬೇಡ ಎನ್ನುತ್ತೇನೆ.

ಅದು ಕಳ್ಳಿಯ ಜಾತಿ. ಬಯಲಿನಲ್ಲೇ ಕಂಬಕ್ಕೆ ಹಬ್ಬಿಸಬಹುದು. ಕಡು ಬೇಸಿಗೆಯಲ್ಲಿ ದಂಟು ಸುಡದಂತೆ ನೆರಳು ಪರದೆ, ಬುಡದಲ್ಲಿ ನೀರು ನಿಲ್ಲದಂತೆ ಏರುಮಡಿ, ಹನಿ ನೀರಾವರಿ, ಇಷ್ಟಿದ್ದರಾಯಿತು. ಹೂವು ಅರಳುವುದು ಒಂದೇ ರಾತ್ರಿ. ಮುಚ್ಚಿದ ಮನೆಯೊಳಗೆ ಜೇನು, ಪತಂಗ ಬರಲಾರವು. ಕುಂಚ ಹಿಡಿದು ಪರಾಗ ಮುಟ್ಟಿಸಲು ಅರ್ಧರಾತ್ರಿಗೆ ಏಳುವವರು ಯಾರು? ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಈ ಹಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ರಜೆಗೆ ಹೋದಾಗ ನೋಡಿ ಬನ್ನಿ.

ಸ್ಟ್ರಾಬೆರಿಯ ಮಾತು ಬೇರೆ. 2010ರಲ್ಲಿ ಭೌಗೋಳಿಕ ಗುರುತು ಪಡೆದ ಮಹಾಬಳೇಶ್ವರದ ಹಣ್ಣು ಚಳಿಗಾಲದಲ್ಲಿ ಬಯಲು ಮಡಿಗಳಲ್ಲೇ ಬರುತ್ತದೆ. ಅದೇ ತಿಂಗಳಲ್ಲಿ ಪಾಲಿಹೌಸಿನ ಹಣ್ಣು ತಂದರೆ ಖರ್ಚು ಹುಟ್ಟುವುದು ಕಷ್ಟ.

ವಾಶಿಯ ಎಪಿಎಂಸಿ ಹಣ್ಣಿನ ಮಾರುಕಟ್ಟೆ ನಮ್ಮ ಠಾಣೆ, ಡೊಂಬಿವಲಿಗೆ ಹತ್ತಿರವೇ ಇದೆ. ಊರಿನ ರೈತನಿಗಿಲ್ಲದ ಅನುಕೂಲವಿದು. ಒಂದು ಋತುವಿಡೀ ಅಲ್ಲಿನ ಸಗಟು ದರ ಬರೆದಿಟ್ಟುಕೊಳ್ಳಿ. ಸಾಗಣೆ, ಕಮಿಷನ್, ಕೆಲವು ವರ್ಷಕ್ಕೊಮ್ಮೆ ಪ್ಲಾಸ್ಟಿಕ್ ಹಾಳೆ ಬದಲಿಸುವ ಖರ್ಚು ಕಳೆದು ನೋಡಿ. ಸಹಾಯಧನದ ಮಾತು ಆಮೇಲೆ. ಆ ಲೆಕ್ಕದ ಪುಸ್ತಕ ತಂದರೆ ಮುಂದಿನ ಸಭೆಯಲ್ಲಿ ಕೂತು ನೋಡೋಣ.