ಮರೆವಿನಲ್ಲಿ ಉಳಿಯುವ ಭಾವ

 

ಅರವತ್ತಕ್ಕೆ ಅರಳುಮರಳೆಂದು ನಾವು ಹಗುರಾಗಿ ಆಡಿಕೊಳ್ಳುವುದುಂಟು. ಆದರೆ ಮನೆಯವರ ಗುರುತನ್ನೇ ಅಳಿಸುವಂತಹ ಮರೆವು ಮುಪ್ಪಿನ ಸಹಜಧರ್ಮವಲ್ಲ; ಅದು ಮೆದುಳಿನ ವ್ಯಾಧಿ. ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದರ ಬಹು ಸಾಮಾನ್ಯವಾದ ರೂಪವನ್ನು 1906ರಲ್ಲಿ ಜರ್ಮನಿಯ ವೈದ್ಯನಾದ ಆಲೋಯಿಸ್ ಆಲ್ಝೈಮರನು ಮೊದಲು ವಿವರಿಸಿದನು. ರೋಗಕ್ಕೆ ಅವನ ಹೆಸರೇ ನಿಂತಿತು.

ನನ್ನ ತಾಯಿಗೆ ಈ ವ್ಯಾಧಿ. ಸಂಜೆಯಾಯಿತೆಂದರೆ, “ನಿಮ್ಮಪ್ಪಾರು ಹೊಲದಿಂದ ಇನ್ನೂ ಬರಲಿಲ್ಲೇನೋ ತಮ್ಮಾ?” ಎಂದು ಕೇಳುವರು. ತಂದೆಯವರು ಲಿಂಗೈಕ್ಯರಾಗಿ ಒಂಬತ್ತು ವರ್ಷಗಳಾದುವು. ಸತ್ಯವನ್ನೇ ನುಡಿಯಬೇಕೆಂಬ ಹಟದಿಂದ ನಾನು ಪ್ರತಿದಿನವೂ ಅದನ್ನೇ ಹೇಳುತ್ತಿದ್ದೆನು. ಅವರು ಆಗತಾನೆ ಕೇಳಿದವರಂತೆ ಅಳುತ್ತಿದ್ದರು. ಅರ್ಧ ಗಳಿಗೆಯಲ್ಲಿ ಮಾತು ಮರೆತುಹೋಗುತ್ತಿತ್ತು. ಆದರೆ ಅವರು ಊಟವನ್ನು ಮುಟ್ಟುತ್ತಿರಲಿಲ್ಲ. ಏಕೆಂದು ಕೇಳಿದರೆ, “ಯಾಕೋ ಎದಿ ಭಾರ ಆಗ್ಯದ” ಎನ್ನುವರು.

ಇದರ ಮರ್ಮವು ನನಗೆ ತಿಳಿದುದು ಓದಿನಿಂದ. ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಆಲ್ಝೈಮರ್ ವ್ಯಾಧಿಯುಳ್ಳ 17 ಮಂದಿಗೆ ದುಃಖದ ಚಿತ್ರಗಳನ್ನೂ, ಬೇರೆಯಾಗಿ ಸಂತೋಷದ ಚಿತ್ರಗಳನ್ನೂ ಸುಮಾರು 20 ನಿಮಿಷ ತೋರಿಸಿದರು. ಸ್ವಲ್ಪ ಹೊತ್ತಿಗೆಲ್ಲ ಕಂಡುದು ಬಹುಮಟ್ಟಿಗೆ ಅಳಿಸಿಹೋಗಿತ್ತು. ಭಾವವು ಮಾತ್ರ ಅರ್ಧ ತಾಸಿನವರೆಗೂ ಉಳಿದಿತ್ತು. ಕಂಡುದನ್ನು ಹೆಚ್ಚು ಮರೆತವರಲ್ಲಿಯೇ ದುಃಖವು ಹೆಚ್ಚು ಕಾಲ ನಿಂತಿತೆಂಬುದು ಈ ವರದಿಯ ಆಶ್ಚರ್ಯ. ಅದು ಪ್ರಕಟವಾದುದು 2014ರಲ್ಲಿ. ಕಾರಣವು ತಿಳಿದಿದ್ದರೆ ದುಃಖಕ್ಕೆ ಸಮಾಧಾನವನ್ನು ಹೇಳಿಕೊಳ್ಳಬಹುದು. ಕಾರಣವೇ ಮರೆತವರು ಏನೆಂದು ಹೇಳಿಕೊಂಡಾರು?

ಬಲವಾದ ಭಾವವು ಕೆಲವೊಮ್ಮೆ ಘಟನೆಯನ್ನೂ ಹಿಡಿದು ನಿಲ್ಲಿಸುತ್ತದೆ. 1995ರ ಜನವರಿ 17ರಂದು ಜಪಾನಿನ ಕೋಬೆ ಪ್ರಾಂತದಲ್ಲಿ ಭೂಕಂಪವಾಯಿತು. ವಾರಗಳ ತರುವಾಯ ಅಲ್ಲಿಯ ವೈದ್ಯರು ಇಂತಹ ರೋಗಿಗಳನ್ನು ವಿಚಾರಿಸಲು, ಬಹುಮಂದಿಗೆ ಭೂಮಿ ನಡುಗಿದುದು ನೆನಪಿತ್ತು; ಅದರ ಅನಂತರ ಆಸ್ಪತ್ರೆಯಲ್ಲಿ ತಮ್ಮ ಮೆದುಳಿನ ಚಿತ್ರವನ್ನು ತೆಗೆದುದು ಅನೇಕರಿಗೆ ನೆನಪಿರಲಿಲ್ಲ. ಹೊಸ ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗವು ಈ ವ್ಯಾಧಿಯಲ್ಲಿ ಮೊದಮೊದಲೇ ಕೆಡುತ್ತದೆ. ಅದರ ಮಗ್ಗುಲಲ್ಲಿ ಬಾದಾಮಿಯ ಆಕಾರದ ಅಮಿಗ್ಡಲವಿದೆ. ಭಯಾದಿ ಭಾವಗಳಿಗೂ ಅದಕ್ಕೂ ನಿಕಟಸಂಬಂಧ. ಅದಕ್ಕೂ ಹಾನಿಯುಂಟಾಗುವುದು ನಿಜವೇ. ಆದರೂ ಭಾವವು ಮೆದುಳಿನ ಒಂದೇ ಸ್ಥಾನವನ್ನು ನೆಚ್ಚಿದುದಲ್ಲ.

ಈಗ ತಾಯಿಯವರು ಕೇಳಿದರೆ, “ಅಪ್ಪಾರು ಆ ಹೊಲದಾಗ ಏನೇನು ಬಿತ್ತತಿದ್ದರವ್ವಾ?” ಎಂದು ನಾನೇ ಕೇಳುತ್ತೇನೆ. ಅವರು ಬಿಳಿಜೋಳದ ತೆನೆಯನ್ನೂ ಜೋಡೆತ್ತುಗಳನ್ನೂ ಬಣ್ಣಿಸತೊಡಗುವರು. ಸತ್ಯವನ್ನು ತಪ್ಪಿಸಿದೆನೆಂಬ ಅಳುಕು ನನ್ನಲ್ಲಿ ಇಲ್ಲದಿಲ್ಲ. ಆದರೆ ಈಚೆಗೆ ಅವರು ರಾತ್ರಿ ಒಂದು ರೊಟ್ಟಿಯನ್ನಾದರೂ ಉಣ್ಣುತ್ತಾರೆ.